ಅಂಟಿಸಿದ ಚಿತ್ರಗಳ ಕಾಲ

ಪ್ರಶ್ನೆ: ನಮ್ಮೂರಿನ ಹಳೆಯ ಗ್ರಂಥಾಲಯವೊಂದರ ಬೀರುವಿನಲ್ಲಿ ‘ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್’ ಎಂಬ ದಪ್ಪ ಪುಸ್ತಕ ಸಿಕ್ಕಿತು. ಚಿತ್ರಗಳು ಆರ್ಥರ್ ರ‍್ಯಾಕಂ ಎಂಬುವರವು. ಬಣ್ಣದ ಚಿತ್ರಗಳನ್ನೆಲ್ಲ ನುಣುಪು ಕಾಗದದಲ್ಲಿ ಬೇರೆಯಾಗಿ ಅಚ್ಚು ಹಾಕಿ, ಕಂದು ಹಾಳೆಗಳಿಗೆ ಅಂಟಿಸಿ, ಪುಸ್ತಕದ ಕೊನೆಯಲ್ಲಿ ಒಟ್ಟಿಗೆ ಸೇರಿಸಿದ್ದಾರೆ. ಮಕ್ಕಳ ಪುಸ್ತಕಕ್ಕೆ ಇಷ್ಟು ಮಂಕು ಬಣ್ಣ ಏಕೆ? ನೂರು ವರ್ಷದಲ್ಲಿ ಮಾಸಿಹೋಯಿತೆ? ಇಂಥ ಚಿತ್ರಕಾರರು ಇಂಗ್ಲೆಂಡಿನಲ್ಲಿ ಒಂದೇ ಕಾಲಕ್ಕೆ ಅಷ್ಟು ಜನ ಹೇಗೆ ಬಂದರು?
— ಓದುಗರೊಬ್ಬರು, ಸಾಗರ

ಉತ್ತರ: ಮಾಸಿಲ್ಲ. ಆ ಪುಸ್ತಕ 1906ರಲ್ಲಿ ಲಂಡನ್ನಿನ ಹಾಡರ್ ಅಂಡ್ ಸ್ಟೌಟನ್ ಪ್ರಕಾಶನದಿಂದ ಹೊರಬಂದಾಗಲೂ ಹೆಚ್ಚುಕಡಿಮೆ ಹೀಗೇ ಇತ್ತು. ಕಾಗದ ತುಸು ಹಳದಿಯಾಗಿರಬಹುದು, ಅಷ್ಟೇ. ಆ ಕಂದು, ಆ ಬೂದು, ಹೊಗೆಯಲ್ಲಿ ಅದ್ದಿ ತೆಗೆದಂಥ ಹಸಿರು ಎಲ್ಲವೂ ರ‍್ಯಾಕಂ ಬೇಕೆಂದೇ ಹಾಕಿದ ಬಣ್ಣಗಳು. ಏಕೆ ಹಾಕಿದ ಎನ್ನುವುದಕ್ಕೆ ಅವನ ಮನೋಧರ್ಮ ಒಂದು ಕಾರಣ; ಇನ್ನೊಂದು, ಅಷ್ಟೇ ದೊಡ್ಡ ಕಾರಣ, ಅಂದಿನ ಅಚ್ಚಿನ ಯಂತ್ರ. ಈ ಎರಡನೆಯದನ್ನು ಕಲಾವಿಮರ್ಶಕರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಲ್ಲಿಂದಲೇ ಶುರು ಮಾಡಬೇಕೆನಿಸುತ್ತದೆ. ಏಕೆಂದರೆ ನಿಮ್ಮ ಪ್ರಶ್ನೆಯ ಮೂರೂ ಭಾಗಗಳಿಗೆ ಉತ್ತರ ಅಲ್ಲೇ ಇದೆ.

ಒಂದು ಒಳ್ಳೆಯ ಭೂತಗನ್ನಡಿ ಹುಡುಕಿ ಯಾವುದಾದರೂ ಒಂದು ಚಿತ್ರದ ಮೇಲೆ ಹಿಡಿದು ನೋಡಿ. ಕುಂಚದ ಲೇಪ ಕಾಣುವುದಿಲ್ಲ; ಹಳದಿ, ಕೆಂಪು, ನೀಲಿ ಎಂಬ ಮೂರೇ ಬಣ್ಣಗಳ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಕಡುಗಪ್ಪು ಎನಿಸಿದ್ದ ಜಾಗದಲ್ಲಿ ಮೂರೂ ಬಣ್ಣಗಳು ಒಂದರ ಮೇಲೊಂದು ಕೂತಿರುತ್ತವೆ. ಚಿತ್ರದ ಅಂಚಿಗೆ ಬನ್ನಿ. ಕೂದಲೆಳೆಯಷ್ಟು ಹಳದಿಯೋ ಕೆಂಪೋ ಹೊರಗೆ ಇಣುಕಿದ್ದರೆ, ಒಂದು ಬಣ್ಣದ ಅಚ್ಚು ಇನ್ನೊಂದರ ಮೇಲೆ ಕರಾರುವಾಕ್ಕಾಗಿ ಕೂತಿಲ್ಲ ಎಂದರ್ಥ. ಆ ಕಾಲದ ಬಣ್ಣದ ಪುಸ್ತಕಗಳ ಕಥೆಯೆಲ್ಲ ಈ ಕೂದಲೆಳೆಯ ಅಂತರದಲ್ಲಿದೆ.

ರ‍್ಯಾಕಂಗೆ ಒಂದು ತಲೆಮಾರು ಹಿಂದೆ ಚಿತ್ರಕಾರ ಬಿಡಿಸಿದ್ದು ನೇರವಾಗಿ ಓದುಗನ ಕಣ್ಣಿಗೆ ಬೀಳುತ್ತಿರಲಿಲ್ಲ. 1865ರ ‘ಆಲಿಸ್’ ಪುಸ್ತಕವನ್ನೇ ತೆಗೆದುಕೊಳ್ಳಿ. ಜಾನ್ ಟೆನ್ನಿಯಲ್ ರಚಿಸಿದ ಚಿತ್ರಗಳನ್ನು ಡಾಲ್ಜಿಯಲ್ ಸೋದರರ ಕಾರ್ಯಾಗಾರದವರು ಮರದ ಹಲಗೆಯಲ್ಲಿ ಕೆತ್ತಿದರು. ಅಂದರೆ ನಾವು ನೋಡುವ ಆಲಿಸಳ ಪ್ರತಿಯೊಂದು ಗೆರೆಯೂ ಕೆತ್ತನೆಗಾರನ ಉಳಿಯ ಗೆರೆ. ಅವರು ನುರಿತ ಕೈಯವರು, ಅದರಲ್ಲಿ ಅನುಮಾನವಿಲ್ಲ. ಆದರೆ ಉಳಿಗೆ ಒಗ್ಗುವ ಗೆರೆ ಮಾತ್ರ ಉಳಿಯುತ್ತಿತ್ತು. ಒದ್ದೆ ಕುಂಚ ಕಾಗದದ ಮೇಲೆ ಬಿಡುವ ತೇವದ ಮಬ್ಬು ಉಳಿಯುತ್ತಿರಲಿಲ್ಲ. ಬಣ್ಣ ಬೇಕೆಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಕೆತ್ತಬೇಕು. ಎಡ್ಮಂಡ್ ಎವನ್ಸ್ ಎಂಬ ಮುದ್ರಕ ಇದರಲ್ಲಿ ಪವಾಡವನ್ನೇ ಮಾಡಿದ. ವಾಲ್ಟರ್ ಕ್ರೇನ್, ಕೇಟ್ ಗ್ರೀನವೇ, ರ‍್ಯಾಂಡಾಲ್ಫ್ ಕಾಲ್ಡಿಕಾಟ್ ಇವರ ಪುಸ್ತಕಗಳೆಲ್ಲ ಅವನ ಪ್ರೆಸ್ಸಿನಲ್ಲಿ ಹುಟ್ಟಿದವು. ಅವುಗಳಲ್ಲಿ ಬಣ್ಣಗಳು ಸಪಾಟಾಗಿ, ಗೆರೆಯ ಒಳಗೆ ಅಚ್ಚುಕಟ್ಟಾಗಿ ಕೂತಿರುತ್ತವೆ. ಆ ಅಂದವೇ ಬೇರೆ.

ಮೊದಲು ಬದಲಾದದ್ದು ಗೆರೆ. ಕಾಗದದ ಮೇಲೆ ಮಸಿಯಲ್ಲಿ ಬಿಡಿಸಿದ್ದನ್ನು ಫೋಟೊ ತೆಗೆದು, ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆಸಿ ಬ್ಲಾಕ್ ಮಾಡುವ ವಿದ್ಯೆ ಬಂತು. ಕೆತ್ತನೆಗಾರ ನಡುವಿನಿಂದ ಸರಿದುಹೋದ. 1893ರಲ್ಲಿ ‘ಮಾರ್ಟ್ ಡಾರ್ಥರ್’ ಎಂಬ ಪುಸ್ತಕ ಕಂತುಗಳಲ್ಲಿ ಹೊರಬರತೊಡಗಿದಾಗ ಅದರ ಚಿತ್ರಕಾರ ಆಬ್ರಿ ಬಿಯರ್ಡ್ಸ್‌ಲಿಯ ಕಪ್ಪು ಬಿಳುಪು ಅಷ್ಟು ತೀಕ್ಷ್ಣವಾಗಿ ಕಂಡದ್ದು ಈ ಲೈನ್ ಬ್ಲಾಕಿನಿಂದ. ಮುಂದೆ ಬಂದದ್ದು ಹಾಫ್‌ಟೋನ್. ಎರಡು ಗಾಜಿನ ಫಲಕಗಳ ಮೇಲೆ ಸೂಕ್ಷ್ಮ ಗೆರೆಗಳನ್ನು ಎಳೆದು, ಒಂದರ ಗೆರೆ ಇನ್ನೊಂದಕ್ಕೆ ಅಡ್ಡ ಬರುವಂತೆ ಬೆಸೆದರೆ ಸೊಳ್ಳೆಪರದೆಯಂಥ ಒಂದು ಜಾಲ ಸಿಗುತ್ತದೆ. ಅದನ್ನು ಕ್ಯಾಮೆರಾದ ಒಳಗೆ ಪ್ಲೇಟಿನ ಮುಂದೆ ನಿಲ್ಲಿಸಿ ಫೋಟೊ ತೆಗೆದರೆ ಚಿತ್ರದ ಮಬ್ಬು, ಬೆಳಕು ಎಲ್ಲ ಚುಕ್ಕೆಗಳಾಗಿ ಒಡೆಯುತ್ತವೆ. ಕತ್ತಲ ಜಾಗದಲ್ಲಿ ದೊಡ್ಡ ಚುಕ್ಕೆ, ಬೆಳಕಿನ ಜಾಗದಲ್ಲಿ ಸಣ್ಣ ಚುಕ್ಕೆ. ಒಳ್ಳೆಯ ಪುಸ್ತಕಕ್ಕೆ ಅಂಗುಲಕ್ಕೆ 150ರ ಆಸುಪಾಸು ಗೆರೆಗಳ ಜಾಲ ಬೇಕು.

ಇದೇ ಫೋಟೊವನ್ನು ಮೂರು ಬಣ್ಣದ ಗಾಜುಗಳ ಮೂಲಕ ಮೂರು ಸಲ ತೆಗೆದರೆ ಬಣ್ಣಗಳು ಬೇರ್ಪಡುತ್ತವೆ. ನೀಲಿನೇರಳೆ ಗಾಜು ಹಳದಿಯ ಬ್ಲಾಕ್ ಕೊಡುತ್ತದೆ, ಹಸಿರು ಗಾಜು ಕೆಂಪಿನದನ್ನು, ಕಿತ್ತಳೆಕೆಂಪು ಗಾಜು ನೀಲಿಯದನ್ನು. ಬ್ಲಾಕ್ ತಾಮ್ರದ್ದು. ಯಂತ್ರ ಕೊಟ್ಟದ್ದನ್ನು ಹಾಗೆಯೇ ಬಿಡುತ್ತಿರಲಿಲ್ಲ. ನುರಿತ ಕುಶಲಕರ್ಮಿಗಳು ಮೂಲಚಿತ್ರವನ್ನು ಎದುರಿಗಿಟ್ಟುಕೊಂಡು ಅಲ್ಲಲ್ಲಿ ಕೈಯಿಂದ ಮತ್ತೆ ಕೊರೆಸಿ ತಿದ್ದುತ್ತಿದ್ದರು. ಆಮೇಲೆ ಮೊದಲು ಹಳದಿ, ಅದರ ಮೇಲೆ ಕೆಂಪು, ಕೊನೆಗೆ ನೀಲಿ. ಲಂಡನ್ನಿನಲ್ಲಿ ಈ ಕೆಲಸಕ್ಕೆ ಹೆಸರಾದವನು ಕಾರ್ಲ್ ಹೆಂಟ್ಷೆಲ್. 1902ರಲ್ಲಿ ಬಿಯಾಟ್ರಿಕ್ಸ್ ಪಾಟರ್‌ಳ ಪೀಟರ್ ಮೊಲ ಬಣ್ಣದಲ್ಲಿ ಹೊರಬಂದದ್ದೂ ಹೆಂಟ್ಷೆಲ್‌ನ ಬ್ಲಾಕುಗಳಿಂದಲೇ.

ಅಂಟಿಸಿದ್ದೇಕೆ ಎನ್ನುವುದಕ್ಕೆ ಕಾರಣ ಇಲ್ಲಿದೆ. ಅಷ್ಟು ಸಣ್ಣ ಚುಕ್ಕೆ ಒರಟು ಕಾಗದದ ಮೇಲೆ ನಿಲ್ಲುವುದಿಲ್ಲ, ಕಲಸಿಹೋಗುತ್ತದೆ. ಬಿಳಿ ಜೇಡಿಯ ಲೇಪ ಕೊಟ್ಟ ನುಣುಪಾದ ಆರ್ಟ್ ಪೇಪರೇ ಬೇಕು. ಆದರೆ ಕಥೆಯ ಪಠ್ಯವನ್ನು ಅಚ್ಚು ಹಾಕಲು ದಪ್ಪನೆಯ, ತುಸು ಒರಟಾದ, ಓದಲು ಹಿತವಾದ ಕಾಗದ ಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ಮಾಡುವಂತಿಲ್ಲ. ಹಾಗಾಗಿ ಚಿತ್ರಗಳನ್ನು ಬೇರೆಯಾಗಿ ಅಚ್ಚು ಮಾಡಿ, ಒಂದು ಅಂಚಿಗೆ ಮಾತ್ರ ಅಂಟು ಸವರಿ, ದಪ್ಪ ಹಾಳೆಯ ಮೇಲೆ ಕೈಯಿಂದ ಕೂರಿಸುತ್ತಿದ್ದರು. ಇಂಥ ಎಷ್ಟೋ ಪುಸ್ತಕಗಳಲ್ಲಿ ಚಿತ್ರಕ್ಕೆ ಉಜ್ಜು ತಗಲದಿರಲೆಂದು ಮೇಲೊಂದು ತೆಳು ಹಾಳೆ, ಅದರ ಮೇಲೆ ಚಿತ್ರದ ಹೆಸರು. ಅನಿವಾರ್ಯವಾಗಿ ಮಾಡಿದ್ದು ಕೊನೆಗೆ ಶೋಭೆಯಾಯಿತು. ಚೌಕಟ್ಟು ಹಾಕಿದ ಪುಟ್ಟ ವರ್ಣಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡ ಅನುಭವ ಓದುಗನಿಗೆ ಸಿಕ್ಕಿತು. ಆ ತೆಳು ಹಾಳೆಯನ್ನು ಎತ್ತಿ ನೋಡುವ ಒಂದು ಕ್ಷಣದ ತಡವೂ ಚಿತ್ರದ ಭಾಗವೇ ಎಂದು ನಾನು ನಂಬುತ್ತೇನೆ.

ಇನ್ನು ರ‍್ಯಾಕಂ. ಹುಟ್ಟಿದ್ದು 1867ರಲ್ಲಿ, ಲಂಡನ್ನಿನಲ್ಲಿ. ಮನೆಯಲ್ಲಿ 12 ಮಕ್ಕಳು. ಹದಿನೆಂಟಕ್ಕೆ ವೆಸ್ಟ್‌ಮಿನ್‌ಸ್ಟರ್ ಫೈರ್ ಆಫೀಸ್ ಎಂಬ ವಿಮಾ ಕಚೇರಿಯಲ್ಲಿ ಗುಮಾಸ್ತನಾದ. ಹಗಲು ಲೆಕ್ಕದ ಪುಸ್ತಕ, ಸಂಜೆ ಲ್ಯಾಂಬೆತ್ ಕಲಾಶಾಲೆ. 1892ರಲ್ಲಿ ಕೆಲಸ ಬಿಟ್ಟು ಪತ್ರಿಕೆಯೊಂದಕ್ಕೆ ವರದಿಯ ಚಿತ್ರಗಳನ್ನು ಬಿಡಿಸತೊಡಗಿದ. ಸುದ್ದಿ ಚಿತ್ರಗಳು ಬ್ಲಾಕಾಗಿ ಅಚ್ಚಿಗೆ ಹೋದಾಗ ಯಾವ ಗೆರೆ ಉಳಿಯುತ್ತದೆ, ಯಾವುದು ಕೆಡುತ್ತದೆ ಎಂದು ವಾರವಾರವೂ ನೋಡಿ ಕಲಿತ. 1900ರಲ್ಲಿ ಗ್ರಿಮ್ ಸೋದರರ ಕಥೆಗಳಿಗೆ ಚಿತ್ರ ಬರೆದ. 1905ರಲ್ಲಿ ‘ರಿಪ್ ವ್ಯಾನ್ ವಿಂಕಲ್’ ಬಂತು. ವಿಲಿಯಂ ಹೈನೆಮನ್ ಪ್ರಕಟಿಸಿದ ಆ ಪುಸ್ತಕದಲ್ಲಿ 51 ಬಣ್ಣದ ಚಿತ್ರಗಳು. ಮರುವರ್ಷ 50 ಚಿತ್ರಗಳ ‘ಪೀಟರ್ ಪ್ಯಾನ್’, ಅಂದರೆ ನಿಮ್ಮ ಕೈಗೆ ಸಿಕ್ಕಿದ್ದು.

ಅವನು ಕೆಲಸ ಮಾಡುತ್ತಿದ್ದ ಕ್ರಮ ಹೀಗೆ: ಮೆತ್ತನೆಯ ಪೆನ್ಸಿಲಿನಲ್ಲಿ ಆಕಾರಗಳನ್ನು ಹಗುರವಾಗಿ ಗುರುತಿಸಿಕೊಳ್ಳುವುದು, ಅದರ ಮೇಲೆ ಲೇಖನಿಯಲ್ಲಿ ಇಂಡಿಯನ್ ಇಂಕಿನ ಗೆರೆ, ಪೆನ್ಸಿಲಿನ ಗುರುತು ಅಳಿಸಿ ಜಲವರ್ಣದ ತೆಳು ಲೇಪ, ಒಂದರ ಮೇಲೊಂದು. ಈ ಕ್ರಮವನ್ನು ಅಚ್ಚಿನ ಕೋಣೆಯ ಪಕ್ಕದಲ್ಲಿಟ್ಟು ನೋಡಿ. ಮೂರು ಬಣ್ಣಗಳ ಮುದ್ರಣಕ್ಕೆ ಆಗ ಮೂರು ದೊಡ್ಡ ಕೊರತೆಗಳಿದ್ದವು. ಚುಕ್ಕೆ ಇಲ್ಲದ ಜಾಗವೇ ಇಲ್ಲದ್ದರಿಂದ ಶುದ್ಧ ಬಿಳಿ ಬರುತ್ತಿರಲಿಲ್ಲ. ಮೂರು ಮಸಿ ಸೇರಿದರೆ ಅಪ್ಪಟ ಕಪ್ಪೂ ಆಗುತ್ತಿರಲಿಲ್ಲ, ಕಂದುಗಪ್ಪಾಗುತ್ತಿತ್ತು. ಮತ್ತೆ, ಬಣ್ಣಗಳು ಕೂದಲೆಳೆಯಷ್ಟು ಸರಿದರೆ ಅಂಚುಗಳು ಮಸುಕಾಗುತ್ತಿದ್ದವು. ರ‍್ಯಾಕಂನ ಚಿತ್ರಗಳಲ್ಲಿ ಶುದ್ಧ ಬಿಳಿಯೇ ಅಪರೂಪ. ಇಡೀ ಹಾಳೆಗೆ ಚಹಾ ಬಣ್ಣದ ಒಂದು ನೆಲ. ಕಪ್ಪು ಇರಬೇಕಾದಲ್ಲಿ ಬೆಚ್ಚನೆಯ ಕಂದು. ಆಕಾರವನ್ನೆಲ್ಲ ಹಿಡಿದಿಡುವುದು ಮಸಿಯ ಗೆರೆ, ಬಣ್ಣವಲ್ಲ. ಬಣ್ಣ ಚೂರು ಸರಿದರೂ ಮೂಗು ಮೂಗಾಗಿಯೇ ಇರುತ್ತದೆ, ಬೇರು ಬೇರಾಗಿಯೇ. ಯಂತ್ರದ ಒಂದೊಂದು ದೌರ್ಬಲ್ಯಕ್ಕೂ ಅವನ ಶೈಲಿಯಲ್ಲಿ ಒಂದೊಂದು ಸಮಾಧಾನವಿದೆ. ಇದು ಕಾಕತಾಳೀಯವೆಂದು ನನಗನಿಸುವುದಿಲ್ಲ. ಸಂಜೆಯ ಬೆಳಕು, ಹಳೆಯ ಮರ, ಮಂಜು, ಇದ್ದಲಿನ ಹೊಗೆ ಇವುಗಳ ಮೇಲೆ ಅವನಿಗೆ ಪ್ರೀತಿ ಮೊದಲೇ ಇತ್ತು. ಆ ಪ್ರೀತಿಯನ್ನು ಹಾಳು ಮಾಡದೆ ಓದುಗನಿಗೆ ಮುಟ್ಟಿಸಬಲ್ಲ ದಾರಿಯನ್ನು ಅವನು ಬಲು ಎಚ್ಚರದಿಂದ ಹುಡುಕಿಕೊಂಡ.

ನಿಮ್ಮ ಪುಸ್ತಕದಲ್ಲಿ ಕಿನ್ನರಿಯರಿಗೂ ಹಕ್ಕಿಗಳಿಗೂ ಜಗಳವಾಗುವ ಚಿತ್ರವೊಂದಿದೆ. ಅದನ್ನು ಬಿಡುವು ಮಾಡಿಕೊಂಡು ನೋಡಿ. ಎಲೆಯುದುರಿದ ಚಳಿಗಾಲದ ಕೊಂಬೆಗಳು. ಕಿನ್ನರಿಯರ ಉಡುಪು, ರೆಕ್ಕೆ ಎಷ್ಟು ತೆಳುವೆಂದರೆ ಹಿಂದಿನ ಬಾನು ಅವುಗಳ ಮೂಲಕ ಕಾಣುತ್ತದೆ. ಹಕ್ಕಿ ಮಾತ್ರ ಗಟ್ಟಿಯಾದ ಹಕ್ಕಿ. ಅದಕ್ಕೆ ಕೊಕ್ಕಿದೆ, ಭಾರವಿದೆ, ಸಿಟ್ಟಿದೆ. ಕೊಂಬೆಯ ಗಂಟುಗಳನ್ನು ಒಂದೊಂದಾಗಿ ಹಿಂಬಾಲಿಸಿದರೆ, ಮರವನ್ನು ಮುಟ್ಟಿ ನೋಡಿದವನು ಮಾತ್ರ ಬರೆಯಬಲ್ಲ ತಿರುವುಗಳು ಸಿಗುತ್ತವೆ. ಇದು ಅವನ ಗುಟ್ಟು. ಕಲ್ಪನೆಯ ಜೀವಿಗಳನ್ನು ಬರೆಯುವಾಗ ಸುತ್ತಲಿನ ಲೋಕವನ್ನು ಅವನು ಎಂದೂ ಸಡಿಲ ಬಿಡುವುದಿಲ್ಲ. ಕಥೆ ನಡೆಯುವ ಕೆನ್ಸಿಂಗ್ಟನ್ ತೋಟ ಲಂಡನ್ನಿನ ಮಧ್ಯದಲ್ಲಿರುವ ನಿಜವಾದ ತೋಟ, ಅಲ್ಲಿನ ಸರ್ಪೆಂಟೈನ್ ಕೆರೆ ನಿಜವಾದ ಕೆರೆ, ಬೇಲಿಯ ಸರಳುಗಳು ನಿಜವಾದ ಸರಳುಗಳು. ಅಷ್ಟೆಲ್ಲ ನಿಜವಿದ್ದಾಗ ಬೇರಿನ ಸಂದಿಯಲ್ಲಿ ಕೂತ ಕುಳ್ಳನನ್ನು ನಂಬದೆ ಇರಲು ಆಗುವುದಿಲ್ಲ. ಬೋಳು ತಲೆ, ದುಂಡು ಕನ್ನಡಕದ ತನ್ನ ಚಹರೆಯನ್ನೂ ಅವನು ಆ ಕುಳ್ಳರ ನಡುವೆ ಆಗಾಗ ಸೇರಿಸಿದ್ದುಂಟು.

ಮಂಕು ಬಣ್ಣ ಮಕ್ಕಳಿಗೆ ಒಗ್ಗುವುದೇ ಎಂದು ಕೇಳಿದ್ದೀರಿ. ಒಗ್ಗಿತು. ಮಕ್ಕಳು ಗಾಢ ಬಣ್ಣವನ್ನಷ್ಟೇ ಇಷ್ಟಪಡುತ್ತಾರೆಂಬುದು ದೊಡ್ಡವರ ಊಹೆ. ಗಾಢ ಬಣ್ಣ ಒಂದೇ ನೋಟಕ್ಕೆ ಎಲ್ಲವನ್ನೂ ಕೊಟ್ಟುಬಿಡುತ್ತದೆ. ರ‍್ಯಾಕಂನ ಕಂದು ನೆಲದಲ್ಲಿ ಹುಡುಕಬೇಕು, ಹುಡುಕಿದಷ್ಟೂ ಸಿಗುತ್ತದೆ. ‘ನಾರ್ನಿಯಾ’ ಬರೆದ ಸಿ.ಎಸ್. ಲೂಯಿಸ್ ಹುಡುಗನಾಗಿದ್ದಾಗ ಪತ್ರಿಕೆಯೊಂದರಲ್ಲಿ, ವಾಗ್ನರ್‌ನ ಸಿಗ್‌ಫ್ರೀಡ್ ಕಥೆಗೆ ರ‍್ಯಾಕಂ ಬರೆದ ಚಿತ್ರ ಕಂಡು ಮರುಳಾದ. ಆ ಚಿತ್ರಗಳಿದ್ದ 1911ರ ಪುಸ್ತಕದ ಅಗ್ಗದ ಆವೃತ್ತಿಗೂ 15 ಶಿಲಿಂಗ್. ಅಣ್ಣ ಅರ್ಧ ದುಡ್ಡು ಹಾಕಿದ ಮೇಲೆಯೇ ಅದು ಕೈಗೆ ಬಂತು ಎಂದು ಅವನು ಆತ್ಮಕಥೆಯಲ್ಲಿ ನೆನೆದಿದ್ದಾನೆ.

15 ಶಿಲಿಂಗ್ ಎಂದರೆ ಆಗ ಸಣ್ಣ ದುಡ್ಡಲ್ಲ. ಪೀಟರ್ ಪ್ಯಾನ್ ಪುಸ್ತಕದ ಸಾಮಾನ್ಯ ಪ್ರತಿಯ ಬೆಲೆಯೂ ಅಷ್ಟೇ. ರ‍್ಯಾಕಂನ ರುಜುವಿದ್ದ 500 ಪ್ರತಿಗಳ ವಿಶೇಷ ಆವೃತ್ತಿ ಬೇರೆ. ಚಿತ್ರಕಾರರು ಒಟ್ಟೊಟ್ಟಿಗೆ ಬಂದದ್ದೇಕೆ ಎಂಬುದಕ್ಕೆ ಅರ್ಧ ಉತ್ತರ ಈ ದುಡ್ಡಿನಲ್ಲಿದೆ. ಲಂಡನ್ನಿನ ಲೆಸ್ಟರ್ ಗ್ಯಾಲರಿ ಮತ್ತು ಪ್ರಕಾಶಕರು ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಪುಸ್ತಕ ಕ್ರಿಸ್‌ಮಸ್ ಉಡುಗೊರೆಗೆ ಸಿದ್ಧವಾಗುವ ಹೊತ್ತಿಗೆ ಮೂಲಚಿತ್ರಗಳನ್ನು ಗ್ಯಾಲರಿಯ ಗೋಡೆಗೆ ತೂಗುಹಾಕಿ ಮಾರುವುದು. ಪ್ರದರ್ಶನ ಪುಸ್ತಕಕ್ಕೆ ಹೆಸರು ತರುತ್ತಿತ್ತು, ಪುಸ್ತಕ ಚಿತ್ರಗಳಿಗೆ ಬೆಲೆ ತರುತ್ತಿತ್ತು. ಚಿತ್ರಕಾರ ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಸಂಪಾದಿಸಿದ. ಜನ ಆಗಲೇ ಬಲ್ಲ ಕಥೆಗಳೂ ಇದಕ್ಕೆ ಒದಗಿದವು. 1904ರ ಕೊನೆಯಲ್ಲಿ ನಿಮ್ಮ ಪುಸ್ತಕದ ಲೇಖಕ ಬ್ಯಾರಿಯ ಪೀಟರ್ ಪ್ಯಾನ್ ನಾಟಕ ರಂಗಕ್ಕೆ ಬಂದು ಗೆದ್ದಿತ್ತು. 1902ರ ಅವನ ‘ದಿ ಲಿಟಲ್ ವೈಟ್ ಬರ್ಡ್’ ಕಾದಂಬರಿಯಿಂದ ಪೀಟರನ ಅಧ್ಯಾಯಗಳನ್ನಷ್ಟೇ ಎತ್ತಿ, ರ‍್ಯಾಕಂನ ಚಿತ್ರ ಸೇರಿಸಿದ್ದೇ ಈ ಪುಸ್ತಕ. 1907ರಲ್ಲಿ ‘ಆಲಿಸ್’ನ ಹಕ್ಕುಸ್ವಾಮ್ಯ ಮುಗಿದದ್ದೇ ತಡ, ಹಲವರು ಅದಕ್ಕೆ ಹೊಸ ಚಿತ್ರ ಬರೆದರು, ರ‍್ಯಾಕಂ ಕೂಡ. ಟೆನ್ನಿಯಲ್‌ನ ಆಲಿಸಳನ್ನು ಮುಟ್ಟಿದ್ದು ಅನೇಕರಿಗೆ ಸರಿಬರಲಿಲ್ಲ. ನನಗೂ ಆಲಿಸಳ ಮಟ್ಟಿಗೆ ಟೆನ್ನಿಯಲ್‌ನೇ ಮೇಲು. ರ‍್ಯಾಕಂನ ಅತ್ಯುತ್ತಮ ಪುಸ್ತಕ ಯಾವುದೆಂದು ಕೇಳಿದರೆ 1908ರ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಎನ್ನುತ್ತೇನೆ. ಷೇಕ್ಸ್‌ಪಿಯರನ ಕಾಡು ಅವನಿಗಾಗಿಯೇ ಕಾದಿತ್ತು ಎನಿಸುತ್ತದೆ.

ರ‍್ಯಾಕಂ ಹೈನೆಮನ್ ಕಡೆಗೆ ಹೋದಾಗ ಹಾಡರ್ ಅಂಡ್ ಸ್ಟೌಟನ್ ಹೊಸಬನೊಬ್ಬನನ್ನು ಹಿಡಿಯಿತು. ಅವನೇ ಎಡ್ಮಂಡ್ ಡ್ಯೂಲಾಕ್. ಫ್ರಾನ್ಸಿನ ತುಲೂಸಿನವನು, 1882ರಲ್ಲಿ ಹುಟ್ಟಿದವನು. ಕಾನೂನು ಓದಲು ಹೋಗಿ ಚಿತ್ರಕಲೆಗೆ ತಿರುಗಿದ. ಇಪ್ಪತ್ತರ ಹರೆಯದಲ್ಲೇ ಲಂಡನ್ನಿಗೆ ಬಂದು, 1912ರಲ್ಲಿ ಬ್ರಿಟನ್ನಿನ ಪ್ರಜೆಯಾದ. 1907ರ ‘ಅರೇಬಿಯನ್ ನೈಟ್ಸ್’ ಅವನನ್ನು ಒಂದೇ ಸಲಕ್ಕೆ ಮೇಲೆತ್ತಿತು. ಅಷ್ಟರಲ್ಲಿ ಬ್ಲಾಕ್ ಮಾಡುವವರ ಕೈ ಪಳಗಿತ್ತು, ಬಣ್ಣಗಳು ಹೆಚ್ಚು ನಿಖರವಾಗಿ ಕೂರುತ್ತಿದ್ದವು. ಡ್ಯೂಲಾಕ್‌ಗೆ ಅದು ಗೊತ್ತಿತ್ತು. ಅವನ ಚಿತ್ರದಲ್ಲಿ ಮಸಿಯ ಬೇಲಿಯಿಲ್ಲ. ನೀಲಿ ಪಕ್ಕದಲ್ಲಿ ನೇರಳೆ, ನೇರಳೆಯ ಪಕ್ಕದಲ್ಲಿ ಹಸಿರು, ಬಣ್ಣವೇ ಆಕಾರ. ರಾತ್ರಿಯ ನೀಲಿಯಲ್ಲಿ ಅವನಷ್ಟು ಛಾಯೆಗಳನ್ನು ಕಂಡವರು ಆ ಗುಂಪಿನಲ್ಲಿ ಇನ್ನೊಬ್ಬರಿಲ್ಲ. ಪರ್ಷಿಯಾದ ಮತ್ತು ಮೊಗಲರ ಕಿರುಚಿತ್ರಗಳನ್ನು ಅವನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದ. ಅದು ಬರಿಯ ಒಡವೆ ಪೇಟಗಳ ನಕಲಾಗಿ ಉಳಿಯಲಿಲ್ಲ. ಚಿತ್ರದ ಜಾಗವನ್ನು ಹೇಗೆ ತುಂಬಬೇಕು, ನೆಲವನ್ನು ಹೇಗೆ ಮೇಲಕ್ಕೆ ಎತ್ತಿ ತೋರಿಸಬೇಕು ಎಂಬುದನ್ನೇ ಅವನು ಅಲ್ಲಿಂದ ಕಲಿತ.

1911ರ ಆ್ಯಂಡರ್ಸನ್ ಕಥೆಗಳಲ್ಲಿ ಅವನ ‘ಬಟಾಣಿ ಕಾಳಿನ ರಾಜಕುಮಾರಿ’ಯನ್ನು ನೋಡಿ. ಹಾಸಿಗೆಯ ಮೇಲೆ ಹಾಸಿಗೆ ಪೇರಿಸಿ ಪುಟದ ಎತ್ತರಕ್ಕೂ ಏರಿಸಿದ್ದಾನೆ. ತುದಿಯಲ್ಲಿ ನಿದ್ದೆಗೆಟ್ಟು ಎದ್ದು ಕೂತ ಪುಟ್ಟ ಹುಡುಗಿ. ಕಥೆಯ ತಮಾಷೆ ಆ ಎತ್ತರದಲ್ಲೇ ಇದೆ. ಕಾಳನ್ನು ತೋರಿಸುವ ಅಗತ್ಯವೇ ಅವನಿಗೆ ಬರಲಿಲ್ಲ. ರ‍್ಯಾಕಂ ಆಗಿದ್ದರೆ ಮಂಚದ ಕಾಲಿನ ಹತ್ತಿರ ಇಲಿಯನ್ನೋ ಕುಳ್ಳನನ್ನೋ ಕೂರಿಸದೆ ಬಿಡುತ್ತಿರಲಿಲ್ಲ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಒಬ್ಬ ಕಥೆಯನ್ನು ಗೆರೆಯಿಂದ ಹೇಳುವವನು, ಇನ್ನೊಬ್ಬ ಬಣ್ಣದ ಹರಹಿನಿಂದ ಹೇಳುವವನು ಎಂಬುದು ಒಡೆದು ಕಾಣುತ್ತದೆ.

ಉಳಿದವರ ಹೆಸರು ಹೇಳಿ ಮುಂದೆ ಹೋಗಬೇಕಾಗಿದೆ, ಮನಸ್ಸಿಲ್ಲದಿದ್ದರೂ. ಡೆನ್ಮಾರ್ಕಿನವನಾದ, 1911ರಲ್ಲಿ ಲಂಡನ್ನಿಗೆ ಬಂದ ಕಾಯ್ ನೀಲ್ಸನ್‌ನ 1914ರ ‘ಈಸ್ಟ್ ಆಫ್ ದ ಸನ್ ಅಂಡ್ ವೆಸ್ಟ್ ಆಫ್ ದ ಮೂನ್’ ಈ ಯುಗದ ಕೊನೆಯ ಮಹಾಪುಸ್ತಕ. ಉದ್ದುದ್ದ ದೇಹಗಳು, ತಣ್ಣನೆಯ ಬಾನು, ಜಪಾನೀ ಅಚ್ಚುಚಿತ್ರಗಳ ನೆನಪು. ಮುಂದೆ ಅವನು ಅಮೆರಿಕಕ್ಕೆ ಹೋಗಿ ಡಿಸ್ನಿಯ 1940ರ ‘ಫ್ಯಾಂಟೇಸಿಯಾ’ ಚಿತ್ರಕ್ಕೆ ದುಡಿದ. 1957ರಲ್ಲಿ ಬಡತನದಲ್ಲೇ ತೀರಿಕೊಂಡ. ವಿಲಿಯಂ ಹೀತ್ ರಾಬಿನ್ಸನ್ ವಿಚಿತ್ರ ಯಂತ್ರಗಳ ತಮಾಷೆ ಚಿತ್ರಗಳಿಂದ ಮನೆಮಾತಾದದ್ದರಿಂದ, 1914ರಲ್ಲಿ ಅವನು ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕಕ್ಕೆ ಬರೆದ ಕಪ್ಪು ಬಿಳುಪು ಚಿತ್ರಗಳನ್ನು ಜನ ಮರೆತಿದ್ದಾರೆ. ಮರೆಯಬಾರದಿತ್ತು.

ವಾರಿಕ್ ಗೋಬಲ್‌ನ ಬಳಿ ಮಾತ್ರ ನಾವು ಸ್ವಲ್ಪ ನಿಲ್ಲಬೇಕು. 1897ರಲ್ಲಿ ಎಚ್.ಜಿ. ವೆಲ್ಸ್‌ನ ‘ದಿ ವಾರ್ ಆಫ್ ದ ವರ್ಲ್ಡ್ಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಮಂಗಳ ಗ್ರಹದವರನ್ನು ಚಿತ್ರಿಸಿದವನು ಇವನು. 1912ರಲ್ಲಿ ಲಾಲ್ ಬಿಹಾರಿ ಡೇ ಅವರು ಸಂಗ್ರಹಿಸಿದ ಬಂಗಾಳದ ಜನಪದ ಕಥೆಗಳಿಗೆ 32 ಬಣ್ಣದ ಚಿತ್ರಗಳನ್ನು ಬರೆದ. ನಮ್ಮ ಅಡಗೂಲಜ್ಜಿ ಕಥೆಗಳ ರಾಕ್ಷಸಿಯರು, ಏಳು ಸುತ್ತಿನ ಕೋಟೆಯ ರಾಜಕುಮಾರಿಯರು ಲಂಡನ್ನಿನ ಆರ್ಟ್ ಪೇಪರಿನ ಮೇಲೆ ಹಾಗೆ ಬಂದರು. ಬಣ್ಣ ಮೃದು, ಕೆಲಸ ಚೊಕ್ಕ. ಆದರೆ ಸೀರೆಯ ನೆರಿಗೆ, ಮುಖದ ಭಾವ ದೂರದಿಂದ ನೋಡಿ ಬರೆದಂತಿವೆ.

ಒಳಗಿನಿಂದ ಬರೆದವರ ಪುಸ್ತಕ ಮರುವರ್ಷವೇ ಬಂತು. ಲಂಡನ್ನಿನ ಹ್ಯಾರಪ್ ಪ್ರಕಾಶನ 1913ರಲ್ಲಿ ‘ಮಿಥ್ಸ್ ಆಫ್ ದ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್’ ಹೊರತಂದಿತು. ಬರೆದವರು ಸೋದರಿ ನಿವೇದಿತಾ. ಅವರು 1911ರಲ್ಲಿ ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಪೂರ್ತಿ ಮಾಡಿದರು. ಅವನೀಂದ್ರನಾಥ ಠಾಕೂರರ ಮೇಲ್ವಿಚಾರಣೆಯಲ್ಲಿ 32 ಬಣ್ಣದ ಚಿತ್ರಗಳು. ಬರೆದವರಲ್ಲಿ ನಂದಲಾಲ ಬೋಸರ ಜೊತೆಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದಾರೆ. ಅರಮನೆಯ ಚಿತ್ರಕಾರರ ಮನೆತನದಿಂದ ಬಂದು, 1909ರಲ್ಲಿ ಮಹಾರಾಜರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾಗಿದ್ದ ವೆಂಕಟಪ್ಪನವರು ರಾಮಾಯಣದ ಭಾಗಕ್ಕೆ ಚಿತ್ರ ಬರೆದರು. ರ‍್ಯಾಕಂ, ಡ್ಯೂಲಾಕರ ಚಿತ್ರಗಳು ಅಚ್ಚಾದ ಊರಿನಲ್ಲೇ, ಅದೇ ಉಡುಗೊರೆ ಪುಸ್ತಕಗಳ ಸಂತೆಯಲ್ಲಿ, ಕನ್ನಡ ನಾಡಿನವರೊಬ್ಬರ ರಾಮ ಸೀತೆಯರೂ ಇದ್ದರು. ಚಿತ್ರಪುಸ್ತಕಗಳ ಆ ಸುವರ್ಣಯುಗದ ಇತಿಹಾಸ ಬರೆಯುವವರು ಈ ಪುಸ್ತಕವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕು ಎಂದು ನನ್ನ ಒತ್ತಾಯ.

ಬ್ಲಾಕಿನ ವಿದ್ಯೆಯೂ ಒಂದೇ ದಿಕ್ಕಿಗೆ ಹರಿಯಲಿಲ್ಲ. ಸತ್ಯಜಿತ್ ರಾಯ್ ಅವರ ಅಜ್ಜ ಉಪೇಂದ್ರಕಿಶೋರ್ ರಾಯ್ ಚೌಧರಿ ಕಲ್ಕತ್ತೆಯಲ್ಲಿ ಕೂತು ಹಾಫ್‌ಟೋನ್ ಜಾಲದ ಗಣಿತವನ್ನು ತಾವೇ ಬಿಡಿಸಿ, 1897ರಿಂದ ಲಂಡನ್ನಿನ ‘ಪೆನ್ರೋಸ್’ ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಬರೆದರು. ಇಂಗ್ಲೆಂಡಿನ ಬ್ಲಾಕ್ ತಯಾರಕರು ಓದುತ್ತಿದ್ದ ಪತ್ರಿಕೆ ಅದು. ಮಕ್ಕಳಿಗಾಗಿ ಅವರು ತಂದ ‘ಸಂದೇಶ್’ 1913ರಲ್ಲಿ ಶುರುವಾಯಿತು. ಮಕ್ಕಳ ಚಿತ್ರ ಅಚ್ಚಿನಲ್ಲಿ ಕೆಡುತ್ತಿದೆ ಎಂಬ ಸಂಕಟಕ್ಕೆ ಒಬ್ಬ ಬರಹಗಾರ ವಿಜ್ಞಾನದಿಂದ ಉತ್ತರ ಹುಡುಕಿದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

1914ರ ಯುದ್ಧ ಈ ವೈಭವದ ಬೆನ್ನು ಮುರಿಯಿತು. ಕಾಗದ ದುಬಾರಿಯಾಯಿತು, ಕೈಯಿಂದ ಅಂಟಿಸುವ ಕೆಲಸದ ಕೂಲಿ ಏರಿತು, ಕೊಳ್ಳುವವರ ಮನಸ್ಸೂ ಬದಲಾಯಿತು. ಡ್ಯೂಲಾಕ್ ಕ್ರಮೇಣ ಪುಸ್ತಕ ಬಿಟ್ಟು ರಂಗಸಜ್ಜಿಕೆ, ಅಂಚೆಚೀಟಿಗಳತ್ತ ಹೋದ. ಆರನೆಯ ಜಾರ್ಜ್‌ನ 1937ರ ಪಟ್ಟಾಭಿಷೇಕದ ಅಂಚೆಚೀಟಿ ಅವನದೇ. ರ‍್ಯಾಕಂ ಮಾತ್ರ ಪುಸ್ತಕಗಳನ್ನು ಬಿಡಲಿಲ್ಲ. 1919ರ ‘ಸಿಂಡರೆಲ್ಲಾ’ದಲ್ಲಿ ಬಣ್ಣವನ್ನು ಬಹುಮಟ್ಟಿಗೆ ಕೈಬಿಟ್ಟು ಕಪ್ಪು ನೆರಳಿನಾಕೃತಿಗಳಿಂದಲೇ ಕಥೆ ಹೇಳಿದ. ಸಾಮಾನ್ಯ ಕಾಗದದ ಮೇಲೆ, ಪಠ್ಯದ ಜೊತೆಗೇ ಅಚ್ಚಾಗಬಲ್ಲ ಚಿತ್ರಗಳು ಅವು. ಯಂತ್ರ ಏನು ಕೊಡಬಲ್ಲದೆಂದು ನೋಡಿ ಕೈಯನ್ನು ಹೊಂದಿಸಿಕೊಳ್ಳುವ ಹಳೆಯ ಜಾಣ್ಮೆ ಮತ್ತೆ ಕೆಲಸಕ್ಕೆ ಬಂತು.

ಅವನ ಕೊನೆಯ ಪುಸ್ತಕ ‘ದಿ ವಿಂಡ್ ಇನ್ ದ ವಿಲೋಸ್’. ಕೆನೆತ್ ಗ್ರೇಅಮ್ 1908ರಲ್ಲಿ ಅದನ್ನು ಪ್ರಕಟಿಸಿದಾಗ ರ‍್ಯಾಕಂಗೆ ಬೇರೆ ಕೆಲಸದ ಒತ್ತಡ, ಚಿತ್ರ ಬರೆಯಲಾಗಿರಲಿಲ್ಲ. ಆ ಕೊರಗು ಅವನಿಗೆ ಕೊನೆಯವರೆಗೂ ಇತ್ತು. 1930ರ ದಶಕದಲ್ಲಿ ನ್ಯೂಯಾರ್ಕಿನ ಪ್ರಕಾಶಕ ಜಾರ್ಜ್ ಮೇಸಿ ಅದೇ ಪುಸ್ತಕವನ್ನು ಅವನ ಮುಂದಿಟ್ಟ. ಆಗ ರ‍್ಯಾಕಂಗೆ ಎಪ್ಪತ್ತರ ಹತ್ತಿರ, ಮೈಯಲ್ಲಿ ಕ್ಯಾನ್ಸರ್. ಹಾಸಿಗೆ ಹಿಡಿದೇ ಬರೆದ. ಕಥೆಯ ಪಾತ್ರಗಳಾದ ಇಲಿ ಮತ್ತು ಹೆಗ್ಗಣದಂಥ ಮೋಲ್ ದೋಣಿಗೆ ತಿಂಡಿಯ ಬುಟ್ಟಿ ಏರಿಸುವ ಚಿತ್ರ ಮುಗಿದಾಗ, ದೋಣಿಯಲ್ಲಿ ಹುಟ್ಟುಗಳೇ ಇಲ್ಲವೆಂದು ಅವನೇ ಗಮನಿಸಿದ. ಮಗಳು ಬಾರ್ಬರಾ ಇರಲಿ ಬಿಡಿ ಎಂದರೂ ಕೇಳದೆ ಅವನು ಹುಟ್ಟುಗಳನ್ನು ಬರೆದು ಸೇರಿಸಿದ. ಅವನು ಕೈಯಾರೆ ಮುಗಿಸಿದ ಕೊನೆಯ ಕೆಲಸ ಅದು. 1939ರ ಸೆಪ್ಟೆಂಬರ್ 6ರಂದು ತೀರಿಕೊಂಡ; ಪುಸ್ತಕ ಮರುವರ್ಷ ಬಂತು.

ಕೊಳ್ಳುವ ಆಸೆ ನಿಮಗಿದ್ದರೆ ಒಂದು ಮಾತು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇವರ ಚಿತ್ರಗಳ ಮರುಮುದ್ರಣ ಈಗ ಬೇಕಾದಷ್ಟಿದೆ. ನಮ್ಮ ಕಾನೂನಿನ ಪ್ರಕಾರ ಕಲಾವಿದ ತೀರಿಕೊಂಡ 60 ವರ್ಷಗಳ ಮೇಲೆ ಕೃತಿ ಸಾರ್ವಜನಿಕ. ರ‍್ಯಾಕಂನದು ಬಹಳ ಹಿಂದೆಯೇ ಮುಕ್ತ, 1953ರಲ್ಲಿ ತೀರಿಕೊಂಡ ಡ್ಯೂಲಾಕ್‌ನದು 2014ರಿಂದ. ಆದರೆ ಅಗ್ಗದ ಮರುಮುದ್ರಣಗಳಲ್ಲಿ ಬಹುಪಾಲು ಹಳೆಯ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿದ್ದು. ಹಳೆಯ ಚುಕ್ಕೆಯ ಮೇಲೆ ಹೊಸ ಚುಕ್ಕೆ ಕೂತು, ಬಟ್ಟೆಯ ನೇಯ್ಗೆಯಂಥ ಒಂದು ಕಲೆ ಚಿತ್ರದ ತುಂಬ ಕಾಣುತ್ತದೆ. ಕೆಲವರು ಬಣ್ಣ ಸಪ್ಪೆಯೆಂದು ಕಂಪ್ಯೂಟರಿನಲ್ಲಿ ಗಾಢ ಮಾಡುತ್ತಾರೆ. ಅದು ರ‍್ಯಾಕಂಗೆ ಮಾಡುವ ಅನ್ಯಾಯ. ಮೂಲಚಿತ್ರದಿಂದ ನೇರವಾಗಿ ತೆಗೆದದ್ದೇ ಎಂದು ವಿಚಾರಿಸಿ ಕೊಳ್ಳಿ.

ಇನ್ನು ನಿಮ್ಮ ಗ್ರಂಥಾಲಯದ ಪ್ರತಿ. ಚಿತ್ರಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಐವತ್ತೂ ಇವೆಯೇ ಎಂದು ಎಣಿಸಿ, ಗ್ರಂಥಪಾಲಕರಿಂದ ದಾಖಲೆಯಲ್ಲಿ ಬರೆಸಿಡಿ. ಬಿಡಿ ಚಿತ್ರ ಮಾರಿದರೆ ಹೆಚ್ಚು ದುಡ್ಡೆಂದು ಇಂಥ ಪುಸ್ತಕಗಳಿಂದ ಚಿತ್ರಗಳನ್ನು ಕಿತ್ತು ಕಟ್ಟು ಹಾಕಿಸಿ ಮಾರುವವರು ಎಲ್ಲ ದೇಶದಲ್ಲೂ ಇದ್ದಾರೆ. ಹಾಗೆ ಬರಿದಾದ ಪ್ರತಿಗಳು ಬಹಳ. ಒಂದು ಅಂಚಿಗಷ್ಟೇ ಅಂಟಿದ ಹಾಳೆಗಳಾದ್ದರಿಂದ ಪುಟ ತಿರುಗಿಸುವಾಗ ಚಿತ್ರದ ಮೂಲೆ ಮಡಚದಂತೆ ನೋಡಿಕೊಳ್ಳಿ. ಅಂಟು ಬಿಟ್ಟಿದ್ದರೆ ಸೆಲೋಟೇಪ್ ಹಚ್ಚಬೇಡಿ, ಫೆವಿಕಾಲೂ ಬೇಡ; ಬಿಡಿ ಚಿತ್ರವನ್ನು ಅದರ ಜಾಗದಲ್ಲೇ ಇಟ್ಟು, ಪುಸ್ತಕವನ್ನು ಮಲಗಿಸಿಡಿ. ಸಾಗರದ ಮಳೆಗಾಲದ ತೇವಕ್ಕೆ ಆರ್ಟ್ ಪೇಪರಿನ ಜೇಡಿಲೇಪ ಒಂದಕ್ಕೊಂದು ಅಂಟಿಕೊಂಡು ಹಲಗೆಯಾಗಿಬಿಡುತ್ತದೆ. ಜೂನ್ ಬರುವ ಮುಂಚೆ ಆ ಬೀರುವನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಎಳೆಸಿ.